ರೈಟ್ರು ಚಿಗುರು ತೆಗೀತವ್ರೆ

ಮಂಜು ಇನ್ನೂ ಸರಿದಿಲ್ಲ. ಹೊಂಗಡಹಳ್ಳದ ಕಾಫಿ ತೋಟವೊಂದರ ಸ್ಟೋರ್ ಮುಂದೆ ಆಳುಗಳು ನಿಂತಿದ್ದಾರೆ. ಹಾಜರಿ ಕರೆದು, ಯಾರು ಯಾವ ಕಡೆ ಕೆಲಸಕ್ಕೆ ಹೋಗಬೇಕೆಂದು ಹೇಳುತ್ತಿರುವವರು ಶಾಂತಮಲ್ಲಪ್ಪ, ತೋಟದ ರೈಟರ್. ಮೇಲಿನಿಂದ ಸಾಹುಕಾರರ ಬೈಗುಳ, ಕೆಳಗಿನಿಂದ ಆಳುಗಳ ಗೊಣಗಾಟ. ಇಪ್ಪತ್ತೇಳು ವರ್ಷಗಳಿಂದ ಇವೆರಡರ ನಡುವೆ ಇವರ ಸಂಸಾರ.

ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದವನು ನಾನು. ಪರಿಚಯ ಹೇಳಿಕೊಳ್ಳುವಾಗ ನಾನೇ ಎಡವಟ್ಟು ಮಾಡುತ್ತೇನೆ. 'ನಾನೂ ರೈಟರ್ ಸಾರ್' ಎಂದುಬಿಡುತ್ತೇನೆ, ಗತ್ತಿನಿಂದ.

ಅವರ ಮುಖ ಬಿಳಿಚಿಕೊಳ್ಳುತ್ತದೆ. 'ಓಹೋ, ಕಳ್ಸೇಬುಟ್ರಾ? ತಿಂಗ್ಳಿಗೊಂದ್ ದಿನ ಹಾಸನದ ಡಾಕ್ಟ್ರ ಹತ್ರ ಹೋಗ್ಬೇಕು ಅಂದಿದ್ಕೆ, ಬೇರೆ ರೈಟರ್ ನೋಡ್ತೀನಿ ಅಂದಿದ್ರು ಸಾವ್ಕಾರ್ರು. ನಿಮ್ಗಿನ್ನೂ ಸಣ್ಣ ವಯಸ್ಸೈತೆ, ಇಸ್ತ್ರಿ ಅಂಗಿ ಐತೆ. ನೋಡುದ್ರೆ ಹೊಟ್ಟೆ ಉರೀತೈತೆ ಕಣ್ರೀ.'

ನಾನು ಬಾಯಿ ತೆರೆಯುವಷ್ಟರಲ್ಲಿ ಸ್ಟೋರ್ ಹಿಂದಿನ ಗಿಡಗಳತ್ತ ಹೊರಟೇಬಿಡುತ್ತಾರೆ. ಹಿಂದೆಯೇ ಹೋಗಲು ನೋಡಿದರೆ ಹಿರಿಯ ಆಳು ಮಾದಮ್ಮ ಅಡ್ಡ ಬರುತ್ತಾರೆ. 'ಹೋಗ್ಬ್ಯಾಡಿ ಸಾ. ರೈಟ್ರು ಚಿಗುರು ತೆಗೀತವ್ರೆ.'

ಕಾಫಿ ಗಿಡದಲ್ಲಿ ನೆಟ್ಟಗೆ ಏಳುವ ಕಂಬಚಿಗುರು ಫಸಲು ಕೊಡುವುದಿಲ್ಲ, ಮುರಿದು ಹಾಕಬೇಕು. ಅದು ಆಳುಗಳ ಕೆಲಸ, ರೈಟರದ್ದಲ್ಲ. ಆದರೆ ತಲೆ ಕಾದಾಗಲೆಲ್ಲ ಇವರು ಅಲ್ಲಿಗೆ ಹೋಗಿ, ಒಂದೊಂದು ಚಿಗುರಿಗೂ ಬೈದವರೊಬ್ಬರ ಹೆಸರಿಟ್ಟು ಮುರಿಯುತ್ತಾರೆ. ಆ ಹೊತ್ತಿನಲ್ಲಿ ಯಾರೂ ಮಾತಾಡಿಸುವುದಿಲ್ಲ.

ಕೆಲವು ವರ್ಷಗಳ ಹಿಂದೆ ಇವರಿಗೆ ನಿದ್ದೆಯೇ ಹತ್ತುತ್ತಿರಲಿಲ್ಲವಂತೆ. ಒಂದು ಬೆಳಿಗ್ಗೆ ಹಾಜರಿ ಕರೆಯುತ್ತಲೇ ಅತ್ತುಬಿಟ್ಟರಂತೆ. 'ಆಮ್ಯಾಕೆ ಮಾತ್ರೆ ಶುರುವಾಯ್ತು. ಲೈನ್ ಮನೆ ಆಳುಗೋಳ್ಗೆಲ್ಲಾ ಅವ್ರೇ ಹೇಳುದ್ರು' ಎನ್ನುತ್ತಾರೆ ಮಾದಮ್ಮ. 'ಹೇಳ್ದಿದ್ರೆ ನಮ್ಗೆ ಹೆಂಗ್ ತಿಳೀತದೆ?'

ಈಗ ಹೊಟ್ಟೆ ಉರಿಯುವ ಸರದಿ ನನ್ನದು. ನಾನು ನುಂಗುವ ಇಂಥವೇ ಮಾತ್ರೆಗಳು ಆಫೀಸಿನ ಡ್ರಾಯರಿನಲ್ಲಿ, ಪೆಪ್ಪರಮಿಂಟ್ ಡಬ್ಬಿಯೊಳಗೆ ಅಡಗಿ ಕೂತಿವೆ. ಸಂಪಾದಕರು ಕೂಗಾಡಿದ ದಿನ ನಾನು ಟಾಯ್ಲೆಟ್ಟಿನಲ್ಲಿ ನಲ್ಲಿ ತಿರುಗಿಸಿಕೊಂಡು ನಿಲ್ಲುತ್ತೇನೆ. ಅಲ್ಲಿಗೂ ಬಂದು ಯಾರಾದರೂ ಬಾಗಿಲು ಬಡಿಯುತ್ತಾರೆ. ಈ ಪುಣ್ಯಾತ್ಮನಿಗೆ ನೋಡಿ, ಇಡೀ ತೋಟವೇ ಕಾವಲು!

ಅಷ್ಟರಲ್ಲಿ ಶಾಂತಮಲ್ಲಪ್ಪನವರಿಗೆ ಸಾಹುಕಾರರ ಫೋನ್. ಪೇಪರಿನವರು ಬರುತ್ತಾರೆಂದು ಹೇಳಲು ಮರೆತಿದ್ದರಂತೆ. ಇವರು ಹಾಸನದ ರಜೆ ಮತ್ತೆ ಕೇಳಿದ್ದಕ್ಕೆ 'ನೋಡಾನ' ಅಂದರಂತೆ, ಅಷ್ಟೇ. ಶಾಂತಮಲ್ಲಪ್ಪ ಕೈಬೀಸಿ ನನ್ನನ್ನು ಕರೆಯುತ್ತಾರೆ.

'ಹುಚ್ಚ ಅಂತ ಮಾತ್ರ ಬರೀಬ್ಯಾಡಿ. ಮಾತ್ರೆನೂ ತಗೊಳ್ತಾನೆ, ಕೆಲ್ಸಾನೂ ಮಾಡ್ತಾನೆ ಅಂತ ಬರೀರಿ. ಸಾವ್ಕಾರ್ರು ಓದ್ಲಿ.' ಆಮೇಲೆ ನನ್ನ ಮುಖವನ್ನೇ ನೋಡುತ್ತಾರೆ. 'ನಿಮ್ಗೂ ಬೈಯೋರು ಇದಾರಾ?'

ಹೂಂ ಎನ್ನುತ್ತೇನೆ. ಅವರು ಪಕ್ಕದ ಗಿಡ ತೋರಿಸುತ್ತಾರೆ. ಮೊದಲ ಚಿಗುರಿಗೆ ನಾನು ಸಂಪಾದಕರ ಹೆಸರಿಡುತ್ತೇನೆ.

ಸ್ಟೋರ್ ಕಡೆಯಿಂದ ಮಾದಮ್ಮನ ಕೂಗು ಕೇಳುತ್ತದೆ: 'ಅತ್ಲಾಗೆ ಯಾರೂ ಹೋಗ್ಬ್ಯಾಡ್ರೋ! ಇವತ್ತು ಇಬ್ರು ರೈಟ್ರು ಚಿಗುರು ತೆಗೀತವ್ರೆ.'