ಅಜ್ಜಿ ಹೇಳದ ಹೆಸರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ಕಡೆ ಓಡಾಡಿ ವಯಸ್ಸಾದವರ ನೆನಪಿನ ಶಕ್ತಿ ಪರೀಕ್ಷಿಸುವ ನರ್ಸ್ ನಾನು. ಇವತ್ತು ಯಾವ ವಾರ, ಇದು ಯಾವ ಊರು, ಇಪ್ಪತ್ತರಿಂದ ಹಿಂದಕ್ಕೆ ಎಣಿಸಿ, ಗಡಿಯಾರ ಬಿಡಿಸಿ ಮುಳ್ಳು ಹಾಕಿ. ಪ್ರಶ್ನೆಗಳು ಇಷ್ಟೇ. ನೋಡುವವರಿಗೆ ಮಕ್ಕಳಾಟ. ಆದರೆ ಅಂಕ ಹಾಕುವುದಕ್ಕೆ ಕೈ ಪಳಗಿರಬೇಕು, ನನ್ನದು ಪಳಗಿದೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಶೃಂಗೇರಿಯ ಕಡೆಯ ಭಟ್ಟರೊಬ್ಬರು ತಿಥಿ, ನಕ್ಷತ್ರ ಎಲ್ಲ ಪಟಪಟ ಹೇಳಿ, ತಾರೀಕು ಕೇಳಿದರೆ ಮಗನ ಮುಖ ನೋಡಿದರು. ಇದನ್ನೆಲ್ಲ ಮರೆವಿನ ಕಾಯಿಲೆ ಎನ್ನುತ್ತ ಹೋದರೆ ಇಡೀ ಊರಿಗೇ ಮಾತ್ರೆ ಹಂಚಬೇಕಾದೀತು.

ಒಂದು ದಿನ ನಾನು ಕೊಪ್ಪದಲ್ಲಿದ್ದಾಗ, ಜಯಪುರದ ಹತ್ತಿರದ ಕಾಫಿ ಎಸ್ಟೇಟಿನಿಂದ ಒಬ್ಬ ಅಜ್ಜಿಯನ್ನು ಸೊಸೆ ಕರೆದುಕೊಂಡು ಬಂದಳು. ಜೊತೆಗೆ ಅಜ್ಜನೂ ಬಂದು, ಕೊಡೆ ಮಡಚಿಕೊಂಡು ಬಾಗಿಲಾಚೆ ಬೆಂಚಿನ ಮೇಲೆ ಕೂತರು. ಸೊಸೆಗೆ ಬೇಕಾಗಿದ್ದುದು ಒಂದೇ ಉತ್ತರ. ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಅವಳ ಮಗುವನ್ನು ನೋಡಿಕೊಳ್ಳುವವರು ಅಜ್ಜಿಯೊಬ್ಬರೇ. ಈಚೆಗೆ ಹಾಲು ಒಲೆ ಮೇಲಿಟ್ಟು ಮರೆತಿದ್ದರಂತೆ. ಇನ್ನು ಮುಂದೆ ಮಗುವನ್ನು ಅವರ ಕೈಗೆ ಬಿಟ್ಟು ಹೋಗಬಹುದೇ? ಅಜ್ಜಿಗೂ ವಿಷಯ ಗೊತ್ತಿತ್ತು. ಮೊಮ್ಮಗಳನ್ನು ಮಡಿಲಿನಿಂದ ಇಳಿಸದೆಯೇ ಪರೀಕ್ಷೆಗೆ ಕೂತರು.

ಮೊದಲಿಗೆ ಒಂದು ಹೆಸರು, ಒಂದು ವಿಳಾಸ ಓದಿ ಹೇಳುತ್ತೇನೆ. ಕೊನೆಯಲ್ಲಿ ಅದನ್ನು ಅವರು ನೆನಪಿಸಿಕೊಂಡು ಹೇಳಬೇಕು. ನಾನು ಓದಿದ ಕೂಡಲೇ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಕೊನೆಯಲ್ಲಿ ಕೇಳಿದಾಗ ಬೀದಿ, ಊರು ಎಲ್ಲ ಸರಿಯಾಗಿ ಬಂತು, ಹೆಸರು ಮಾತ್ರ ಇಲ್ಲ. ಮತ್ತೆ ಕೇಳಿದೆ. ಬಾಗಿಲ ಕಡೆ ಗಲ್ಲ ಎತ್ತಿ ತೋರಿಸಿದರು.

“ಅದ್ನ ನಾ ಹೇಳಂಗಿಲ್ಲ ಸಿಸ್ಟರ್. ನೀವೇ ಬರ್ಕಳಿ.”

ಆಗ ಹೊಳೆಯಿತು. ಹಾಳೆಯಲ್ಲಿ ಅಚ್ಚಾಗಿದ್ದ ಹೆಸರೇ ಅಜ್ಜನ ಹೆಸರು! ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎಂದು ಬೆಳೆದವರು ಅವರು. ನನ್ನ ಸ್ವಂತ ಅಜ್ಜಿಯೂ ಹಾಗೆಯೇ, ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ಪಕ್ಕದಲ್ಲಿ ನಿಂತವರಿಂದ ಹೇಳಿಸುತ್ತಿದ್ದರು. ನಾನು ಬೇರೊಂದು ಹೆಸರು ಕೊಟ್ಟು ಮತ್ತೆ ಮೊದಲಿನಿಂದ ಶುರುಮಾಡಿದೆ. ಈ ಸಲ ಒಂದೂ ತಪ್ಪಲಿಲ್ಲ. ಹಾಲು ನನ್ನ ಮನೆಯಲ್ಲೂ ಉಕ್ಕುತ್ತದೆ, ಮಗುವನ್ನು ಧೈರ್ಯವಾಗಿ ಬಿಟ್ಟು ಹೋಗು, ಮುಂದಿನ ವರ್ಷ ಒಮ್ಮೆ ತೋರಿಸು ಎಂದು ಸೊಸೆಗೆ ಹೇಳಿದೆ. ಹೊರಡುವಾಗ ಅಜ್ಜಿ, ನಿಮಗೆ ಬೇರೆ ಹೆಸರೇ ಸಿಗಲಿಲ್ಲವಾ ಮಾರಾಯ್ತಿ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಆ ಇಡೀ ದಿನ ನಾನು ಖುಷಿಯಲ್ಲಿದ್ದೆ.

ಒಂದು ಮಳೆಗಾಲ ಕಳೆದು ಅವರು ಮತ್ತೆ ಬಂದರು. ಮೊಮ್ಮಗಳು ಬೆಳೆದಿದ್ದಳು, ಆದರೂ ಜಾಗ ಅದೇ ಮಡಿಲು. ಈ ಬಾರಿ ಅಜ್ಜನನ್ನೂ ಒಳಗೆ ಕೂರಿಸಿದೆ. ನಾನೂ ಬುದ್ಧಿವಂತಳಾಗಿದ್ದೆ, ಹಾಳೆಯ ಹೆಸರನ್ನು ಮೊದಲೇ ಬದಲಾಯಿಸಿ ಇಟ್ಟುಕೊಂಡಿದ್ದೆ. ವಾರ ಸರಿ ಹೇಳಿದರು, ಊರು ಕೊಪ್ಪ ಎಂದರು. ನನಗೆ ಅರ್ಧ ಸಮಾಧಾನವಾಯಿತು. ಆಮೇಲೆ ಜೊತೆಗಿರುವವರನ್ನು ಗುರುತಿಸುವ ಪ್ರಶ್ನೆ. ಅಜ್ಜನ ಕಡೆ ಕೈ ತೋರಿಸಿ, ಇವರು ಯಾರು ಎಂದು ಕೇಳಿದೆ.

ಅಜ್ಜಿ ನಗಲಿಲ್ಲ, ಸೆರಗು ಬಾಯಿಗೆ ಹೋಗಲಿಲ್ಲ. ಅಜ್ಜನ ಹೆಸರನ್ನು ಸ್ಪಷ್ಟವಾಗಿ, ಶಾಲೆಯಲ್ಲಿ ಹಾಜರಿ ಕೂಗುವ ಹಾಗೆ ಹೇಳಿದರು.

ಹಾಳೆಯ ಪ್ರಕಾರ ಉತ್ತರ ಸರಿ, ಪೂರ್ತಿ ಅಂಕ ಕೊಡಬೇಕು. ನನ್ನ ಕೈ ಪೆನ್ನು ಎತ್ತಲಿಲ್ಲ. ಸೊಸೆಗೆ ಇನ್ನೂ ಏನೂ ಗೊತ್ತಾಗಿರಲಿಲ್ಲ, ಉತ್ತರ ಸರಿಯಿದೆಯಲ್ಲ ಎಂದು ಅವಳ ಮುಖ ಅರಳಿತ್ತು. ಗೊತ್ತಾಗಿದ್ದು ಅಜ್ಜನಿಗೆ. ಮದುವೆಯಾದ ಮೇಲೆ ಮೊದಲ ಸಲ ಅವರು ತಮ್ಮ ಹೆಸರನ್ನು ಆ ಬಾಯಿಂದ ಕೇಳಿದ್ದರು.

“ಇನ್ನೊಂದ್ಸಲ ಕೇಳಿ ಸಿಸ್ಟರ್,” ಎಂದರು.

ಕೇಳಿದೆ. ಅಜ್ಜಿ ಅಷ್ಟೇ ಸಲೀಸಾಗಿ ಮತ್ತೆ ಅದೇ ಹೆಸರು ಹೇಳಿದರು. ಅಜ್ಜ ಎದ್ದು, ಕೊಡೆಯನ್ನು ಗೋಡೆಗೆ ಒರಗಿಸಿ, ಮೊಮ್ಮಗಳನ್ನು ಅಜ್ಜಿಯ ಮಡಿಲಿನಿಂದ ಮೆಲ್ಲಗೆ ಎತ್ತಿಕೊಂಡರು.