ವೆಂಕಟಲಕ್ಷ್ಮಮ್ಮನ ಪಾಲು
ಚನ್ನಪಟ್ಟಣದಲ್ಲಿ ಸಿ.ಡಿ. ಅಂಗಡಿ ಇಟ್ಟಿದ್ದ ಶಂಭುಲಿಂಗ ಭಕ್ತಿಗೀತೆಗಳ ಹತ್ತು ಆಲ್ಬಂ ಹೊರತಂದಿದ್ದ. ಹಾಡಿದವರಿಗೆಲ್ಲ ಒಂದೇ ಸಂಭಾವನೆ ಕೊಟ್ಟಿದ್ದ. "ಒಂದೊಂದೂ ಸರಾಸರಿ ನಾನೂರು ಸಿ.ಡಿ. ಹೋಗೈತೆ" ಎಂದು ಹೆಮ್ಮೆಪಡುತ್ತಿದ್ದ.

ಬಿ.ಎಸ್ಸಿ. ಓದುವ ಮಗಳು ಮೇಘನಾ ಒಂದು ದಿನ ಆ ಲೆಕ್ಕ ಬಿಡಿಸಿ ನೋಡಿದಳು. "ಅಪ್ಪ, ವೆಂಕಟಲಕ್ಷ್ಮಮ್ಮ ಹಾಡಿರೋ ಆಲ್ಬಂ ಒಂದೇ ಮೂರು ಸಾವಿರದ ನೂರು ಹೋಗೈತೆ. ಅದನ್ನ ಬಿಟ್ರೆ ಉಳಿದ ಒಂಬತ್ತರ ಸರಾಸರಿ ಬರೀ ನೂರು."

ವೆಂಕಟಲಕ್ಷ್ಮಮ್ಮ ತೀರಿಕೊಂಡು ವರ್ಷವಾಗಿತ್ತು. ಮರುದಿನ ಶಂಭುಲಿಂಗ ಆ ಆಲ್ಬಂನ ಲಾಭದಲ್ಲಿ ಅರ್ಧ ತೆಗೆದುಕೊಂಡು ವಿರೂಪಾಕ್ಷಿಪುರಕ್ಕೆ ಹೋಗಿ, ಆಕೆಯ ಗಂಡ ರಾಮಲಿಂಗಯ್ಯನ ಕೈಗಿಟ್ಟ. "ಅಕ್ಕನ ಆಲ್ಬಂ ಮೂರು ಸಾವಿರ ಮನೆಗೆ ಹೋಗೈತೆ. ನನ್ನ ಅಂಗಡಿ ನಡೆಸಿದ್ದು ಅಕ್ಕನ ಕೊರಳು ಕಣಣ್ಣ. ನಂಗೇ ತಿಳೀಲಿಲ್ಲ" ಎಂದ.

ರಾಮಲಿಂಗಯ್ಯ ನೋಟುಗಳ ಕಡೆ ನೋಡಲೇ ಇಲ್ಲ. "ಅಷ್ಟು ಮನೇಲಿ ಅವಳ ಹಾಡು ಕೇಳವ್ರಾ?" ಎಂದು ಮತ್ತೆ ಮತ್ತೆ ಕೇಳಿದ. "ಹಾಡಿದಾಗೆಲ್ಲ ನಾನು, ಸುಮ್ಕಿರು ಅಂತ ಗದರ್ತಿದ್ದೆ."