ಚಾಕುವಿನಿಂದ ತಿರುಪಿದ ಸ್ಕ್ರೂ

ತುಕ್ಕು ಹಿಡಿದು ಕಚ್ಚಿಕೊಂಡ ಸ್ಕ್ರೂ ಬಿಚ್ಚುವುದರಲ್ಲಿ ನಮ್ಮ ಬೀದಿಯ ರಿಪೇರಿಯಣ್ಣನನ್ನು ಮೀರಿಸುವವರಿಲ್ಲ. ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮುನಿಸಿಕೊಂಡ ಮಗಳನ್ನು ಊಟಕ್ಕೆ ಕರೆಯುವಂತೆ "ಬಾರಮ್ಮ, ಯಾರೇನಂದ್ರು ನಿಂಗೆ?" ಎಂದು ರಮಿಸುತ್ತಾನೆ, ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿಯುತ್ತಾನೆ. ದಿನವಿಡೀ ಅವನ ಮಾತುಕತೆಯೆಲ್ಲ ಸ್ಕ್ರೂಗಳ ಜೊತೆಗೇ. ಗಿರಾಕಿಗಳಿಗೆ ಸಿಗುವುದು ಬೈಗುಳ ಮಾತ್ರ. ಅದರಲ್ಲೂ ಚಾಕುವಿನ ತುದಿಯಿಂದ ತಿರುಪಿ ಸ್ಕ್ರೂ ತಲೆಯ ಗೀರು ಹಾಳುಮಾಡಿ ತಂದವರನ್ನು ಕಂಡರೆ ಪಿತ್ತ ನೆತ್ತಿಗೇರುತ್ತದೆ: "ಇದೇನ್ ಸ್ಕ್ರೂನೋ, ಸೌತೆಕಾಯೋ?" ಮೊನ್ನೆ ಅವನ ಕೋಣೆಯಲ್ಲಿ ಚಹಾ ಕುಡಿಯುವಾಗ ನೋಡಿದೆ, ಪಾತ್ರೆಯ ಹಿಡಿ ಲೊಡಲೊಡ ಅಲ್ಲಾಡುತ್ತಿತ್ತು, ಅದರ ಸ್ಕ್ರೂವಿನ ಗೀರು ಪೂರಾ ಕಿತ್ತುಹೋಗಿತ್ತು. "ಇದನ್ಯಾಕಣ್ಣ ಬಿಚ್ಚಿ ಬದಲಾಯಿಸಿಲ್ಲ?" ಎಂದೆ. "ನನ್ ಹೆಂಡ್ತಿ ಬದುಕಿದ್ದಾಗ ಚಾಕುನಲ್ಲಿ ತಿರುಪಿದ್ದು ಕಣೋ," ಎಂದು ಹಿಡಿಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು ಚಹಾ ಬಗ್ಗಿಸಿದ, "ಅದು ನನ್ ಕೈಲಿ ಬಿಚ್ಚೋಕಾಗಲ್ಲ."